ನ್ಯಾಯಾಲಯದ ಅಧಿಕಾರಿಗಳಿಗೆ ಬೆದರಿಕೆ ಮತ್ತು ಹಲ್ಲೆ: ಯಾವ ಕಲಂ, ಎಷ್ಟು ಶಿಕ್ಷೆ

ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿ ನ್ಯಾಯಾಲಯದ ಅಧಿಕಾರಿಯ ಮೇಲಿನ ಹಲ್ಲೆಯೆಂಬ ಪ್ರತ್ಯೇಕ ಅಪರಾಧವಿಲ್ಲ. ನ್ಯಾಯಾಧೀಶರಿಗೂ ಸಿಬ್ಬಂದಿಗೂ ಸಿಗುವ ರಕ್ಷಣೆ ಕಲಂ 2(28)ರಲ್ಲಿರುವ ಲೋಕನೌಕರನ (ಪಬ್ಲಿಕ್ ಸರ್ವೆಂಟ್) ವ್ಯಾಖ್ಯೆಯಿಂದ ಬರುತ್ತದೆ. ಪ್ರತಿಯೊಬ್ಬ ನ್ಯಾಯಾಧೀಶರಲ್ಲದೆ, ದಾಖಲೆ ಕಾಯುವ, ಆದೇಶ ಜಾರಿ ಮಾಡುವ, ಪ್ರಮಾಣ ಬೋಧಿಸುವ, ನ್ಯಾಯಾಲಯದಲ್ಲಿ ಶಿಸ್ತು ಕಾಪಾಡುವ ಅಧಿಕಾರಿಗಳೂ ಅದರೊಳಗೆ ಬರುತ್ತಾರೆ. ವಕೀಲರು ವಕೀಲರೆಂಬ ಕಾರಣಕ್ಕೆ ಲೋಕನೌಕರರಲ್ಲ. ಆದರೆ ಸ್ಥಳ ಪರಿಶೀಲನೆಗೆ ನ್ಯಾಯಾಲಯವೇ ಕಮಿಷನರ್ ಆಗಿ ನೇಮಿಸಿದಾಗ ಅವರಿಗೂ ಈ ರಕ್ಷಣೆ ದೊರೆಯುತ್ತದೆ.

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಗೆ, ಡಿಕ್ರಿಯಂತೆ, ಅಂದರೆ ಸಿವಿಲ್ ದಾವೆಯ ತೀರ್ಪಿನಂತೆ, ಕಬ್ಬಿನ ಗದ್ದೆಯ ಸ್ವಾಧೀನ ಕೊಡಿಸಲು ಆದೇಶ ಜಾರಿ ಮಾಡುವ ನ್ಯಾಯಾಲಯದ ಅಮೀನರು ಹೋಗಿದ್ದಾರೆಂದು ಭಾವಿಸೋಣ. ಸೋತ ಕಕ್ಷಿದಾರ ದಾರಿಗೆ ಅಡ್ಡ ನಿಂತು ಕೆಲಸ ತಡೆದರೆ ಅದು ಕಲಂ 221: ಮೂರು ತಿಂಗಳವರೆಗೆ ಕಾರಾವಾಸ, ಇಲ್ಲವೆ 2,500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕೊರಳಪಟ್ಟಿ ಹಿಡಿದು ತಳ್ಳಿದರೆ ಕಲಂ 132ರಡಿ ಎರಡು ವರ್ಷದವರೆಗೆ ಕಾರಾವಾಸ, ದಂಡ ಅಥವಾ ಎರಡೂ. ಹೊಡೆತದಿಂದ ಗಾಯವಾದರೆ 121(1)ರಡಿ ಐದು ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ಮೂಳೆ ಮುರಿಯುವಂಥ ತೀವ್ರ ಗಾಯವಾದರೆ 121(2)ರಡಿ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಹತ್ತು ವರ್ಷದವರೆಗಿನ ಕಾರಾವಾಸ ಮತ್ತು ದಂಡ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಅಲ್ಲಿ ಗಾಯಕ್ಕೆ ಕಲಂ 332ರಡಿ ಗರಿಷ್ಠ ಮೂರೇ ವರ್ಷ.

ಇಲ್ಲಿ ನಿರ್ಣಾಯಕವಾದದ್ದು ಪೆಟ್ಟು ತಿಂದವರ ಹುದ್ದೆಯಲ್ಲ, ಪೆಟ್ಟಿಗೂ ಅವರ ಕರ್ತವ್ಯಕ್ಕೂ ಇರುವ ಸಂಬಂಧ. ಅದೇ ಅಮೀನರಿಗೆ ಸಂತೆಯಲ್ಲಿ ಸಾಲದ ಜಗಳಕ್ಕೆ ಯಾರಾದರೂ ಹೊಡೆದರೆ 121 ಮತ್ತು 132 ಅನ್ವಯಿಸವು. ಆದರೆ ಕರ್ತವ್ಯ ಮುಗಿದು ಎಷ್ಟೋ ತಿಂಗಳಾದ ಮೇಲೆ, ಅಂದು ಕಾನೂನುಬದ್ಧವಾಗಿ ಮಾಡಿದ ಕೆಲಸದ ಸೇಡಿಗೆ ಹೊಡೆದರೆ ಎರಡೂ ಅನ್ವಯಿಸುತ್ತವೆ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಕೊಂಡಿಯನ್ನು ಸ್ಥಾಪಿಸದೆ ನೇರವಾಗಿ ಶಿಕ್ಷೆಯ ಪ್ರಮಾಣಕ್ಕೆ ಹೋಗಬಾರದು.

ಬರಿಯ ಬೆದರಿಕೆಗೆ ಕಲಂ 224ರಡಿ ಎರಡು ವರ್ಷದವರೆಗೆ ಶಿಕ್ಷೆಯಿದೆ. ಅಧಿಕಾರಿಗೆ ಮಾತ್ರವಲ್ಲ, ಅವರಿಗೆ ಬೇಕಾದವರೆಂದು ನಂಬಲಾದ ಇನ್ನೊಬ್ಬರಿಗೆ ಹಾನಿ ಮಾಡುವೆನೆಂದರೂ ಸಾಕು. ಕೊಲ್ಲುವ ಬೆದರಿಕೆಯಾದರೆ 351(3)ರಡಿ ಏಳು ವರ್ಷದವರೆಗೆ ಹೋಗಬಹುದು. 132 ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಹಾಗೂ ಜಾಮೀನುರಹಿತ ಅಪರಾಧ; 224 ಅಸಂಜ್ಞೇಯ, ಜಾಮೀನೀಯ. ಎಂದರೆ, ಆರೋಪ ಬೆದರಿಕೆಯೊಂದೇ ಆಗಿದ್ದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಳ್ಳಿಗೆ ಒಬ್ಬರೇ ಹೋಗಿ ಬರಬೇಕಾದ ಕೆಳಹಂತದ ಸಿಬ್ಬಂದಿಯ ಪಾಲಿಗೆ ಇದು ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ. 221ಕ್ಕೂ ಒಂದು ತಡೆಯಿದೆ: ಕ್ರಿಮಿನಲ್ ವಿಚಾರಣೆಯ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 215ರಂತೆ ಸಂಬಂಧಪಟ್ಟ ಲೋಕನೌಕರರ ಅಥವಾ ಅವರ ಮೇಲಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ.

ಕಲಾಪ ನಡೆಯುತ್ತಿರುವಾಗ ನ್ಯಾಯಾಧೀಶರನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ ಕಲಂ 267ರಡಿ ಆರು ತಿಂಗಳವರೆಗೆ ಸಾದಾ ಕಾರಾವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ದಿನ, ಕಲಾಪ ಮುಗಿಯುವ ಮುನ್ನ, ಕಾರಣ ಹೇಳಲು ಅವಕಾಶ ಕೊಟ್ಟು 1,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವೂ ಸುರಕ್ಷಾ ಸಂಹಿತೆಯ ಕಲಂ 384ರಲ್ಲಿದೆ.

ಕಟ್ಟಡವೇ ಗುರಿಯಾದಾಗ ಬೇರೆ ಕಾಯ್ದೆಗಳು ಮುಂದೆ ಬರುತ್ತವೆ. 2016ರ ಆಗಸ್ಟ್ 1ರಂದು ನಮ್ಮ ಮೈಸೂರಿನ ನ್ಯಾಯಾಲಯ ಸಂಕೀರ್ಣದ ಶೌಚಾಲಯದಲ್ಲಿ ಬಾಂಬ್ ಸ್ಫೋಟಿಸಿದ ಪ್ರಕರಣದಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ ಮತ್ತು ಸ್ಫೋಟಕ ವಸ್ತುಗಳ ಕಾಯ್ದೆಗಳನ್ನೂ ಹೂಡಲಾಗಿತ್ತು. 2021ರಲ್ಲಿ ಬೆಂಗಳೂರಿನ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ವಿಶೇಷ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು.

ಇವೆಲ್ಲದರ ಜೊತೆಗೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಿದೆ. ಕಲಂ 12ರಂತೆ ಆರು ತಿಂಗಳವರೆಗೆ ಸಾದಾ ಕಾರಾವಾಸ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುಜರಾತಿನ ನಡಿಯಾದ್‌ನಲ್ಲಿ 1989ರಲ್ಲಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಪೊಲೀಸರೇ ಥಳಿಸಿ ಕೈಕೋಳ ತೊಡಿಸಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರಿಗಳನ್ನು ನಿಂದನೆಗಾಗಿ ಶಿಕ್ಷಿಸಿತಲ್ಲದೆ, ನ್ಯಾಯಾಂಗ ಅಧಿಕಾರಿಯನ್ನು ಬಂಧಿಸಬೇಕಾದಾಗ ಜಿಲ್ಲಾ ನ್ಯಾಯಾಧೀಶರಿಗೆ ಅಥವಾ ಹೈಕೋರ್ಟಿಗೆ ತಿಳಿಸಬೇಕೆಂಬ ಮಾರ್ಗಸೂಚಿಯನ್ನೂ ಕೊಟ್ಟಿತು. ಅಧೀನ ನ್ಯಾಯಾಲಯದ ನಿಂದನೆಯನ್ನು ಶಿಕ್ಷಿಸುವುದು ಹೈಕೋರ್ಟ್, ಮತ್ತು ಕಲಂ 20ರ ಪ್ರಕಾರ ಘಟನೆಯಾದ ಒಂದು ವರ್ಷದೊಳಗೆ ಕ್ರಮ ಆರಂಭವಾಗಬೇಕು.