ಕೈಯಲ್ಲಿ ಕಾಸಿಲ್ಲದ ಲೇಖಕರಿಗೆ ‘ಬೇಕಾದಷ್ಟಿದೆ’ ಅನ್ನಿಸೋದು ಸಾಧ್ಯವಾ?

ಪ್ರಶ್ನೆ: ಬರೆಯುವುದು ಬಿಟ್ಟರೆ ನನಗೆ ಬೇರೆ ಯಾವುದರಲ್ಲೂ ಮನಸ್ಸಿಲ್ಲ. ಆದರೆ ಅದರಿಂದ ಬರುವ ದುಡ್ಡು ಅರ್ಧ ತಿಂಗಳಿಗೂ ಸಾಲುವುದಿಲ್ಲ. ‘ಸಮೃದ್ಧಿಯ ಭಾವನೆ ಬೆಳೆಸಿಕೊಳ್ಳಿ, ದುಡ್ಡು ತಾನಾಗೇ ಬರುತ್ತೆ’ ಅನ್ನುವವರು ಜಾಸ್ತಿ. ಬಾಡಿಗೆ ಬಾಕಿ ಇರುವಾಗ ಆ ಭಾವನೆ ಎಲ್ಲಿಂದ ತರಲಿ?

ಉತ್ತರ: ಭಾವನೆ ಬೆಳೆಸಿಕೊಂಡರೆ ದುಡ್ಡು ಬರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಕನ್ನಡಿ ಮುಂದೆ ನಿಂತು ‘ನನಗೇನೂ ಕಡಿಮೆ ಇಲ್ಲ’ ಅಂತ ದಿನಾ ಹೇಳಿಕೊಂಡರೆ ಬಾಡಿಗೆ ಕಟ್ಟಿದ ಹಾಗಾಗುವುದಿಲ್ಲ, ಅಲ್ವಾ? ದುಡ್ಡು ಬಾರದೆ ಹೋದರೆ ‘ನಿಮ್ಮ ಮನಸ್ಸೇ ಸರಿ ಇಲ್ಲ’ ಅನ್ನುವ ಮಾತು ಬೇರೆ ಕೇಳಬೇಕು. ಆದರೆ ಕೈ ಬಿಗಿಯಾಗಿದ್ದಾಗಲೂ ಬರೆಯುವವರಿಗೆ ತಮ್ಮ ಹತ್ತಿರ ಬೇಕಾದಷ್ಟಿದೆ ಅನ್ನಿಸಬಹುದು ಅನ್ನುವುದನ್ನು ಒಪ್ಪುತ್ತೇನೆ. ಅದಕ್ಕೆ ದುಡ್ಡಿನ ಲೆಕ್ಕವನ್ನೂ ಬರವಣಿಗೆಯ ಲೆಕ್ಕವನ್ನೂ ಬೇರೆ ಬೇರೆ ಇಡಬೇಕು. ಎರಡನ್ನೂ ಒಂದೇ ಪುಟದಲ್ಲಿ ಬರೆದಾಗಲೇ ಎಲ್ಲವೂ ಸೊನ್ನೆ ಅಂತ ಕಾಣುವುದು.

ದುಡ್ಡಿನದ್ದು ಮೊದಲು. ಆದಾಯ ಸಾಲದೆ ಇರುವುದನ್ನು ಎಷ್ಟೋ ಜನ ತಮ್ಮ ಬರಹಕ್ಕೆ ಬಿದ್ದ ಮಾರ್ಕ್ಸ್ ಅಂದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಲೇಖಕರ ಪರವಾಗಿ ಹಕ್ಕಿನ ಹಣ ವಸೂಲಿ ಮಾಡಿ ಹಂಚುವ ಎಎಲ್‌ಸಿಎಸ್ ಅನ್ನುವ ಸಂಸ್ಥೆ ಇದೆ. ಬರವಣಿಗೆಯೇ ಮುಖ್ಯ ಕೆಲಸವಾಗಿರುವವರ ಆದಾಯ ಎಷ್ಟು ಅಂತ ಅದು ಆಗಾಗ ಸಮೀಕ್ಷೆ ಮಾಡಿಸುತ್ತದೆ. ಅವರನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸರಿಯಾಗಿ ನಡುವೆ ನಿಂತವರಿಗೆ ಬರೆದು ಸಿಕ್ಕಿದ್ದು 2006ರ ಸಮೀಕ್ಷೆಯಲ್ಲಿ ವರ್ಷಕ್ಕೆ 12,330 ಪೌಂಡ್. 2022ರಲ್ಲಿ ಅದು 7,000 ಪೌಂಡಿಗೆ ಇಳಿದಿತ್ತು. ಅಷ್ಟು ವರ್ಷದಲ್ಲಿ ಅಲ್ಲಿಯವರೆಲ್ಲ ಕೆಟ್ಟದಾಗಿ ಬರೆಯಲು ಶುರು ಮಾಡಿದರು ಅಂತೇನಲ್ಲ. ಜಗತ್ತಿನ ಎಲ್ಲ ಕಡೆ ಓದುಗರಿರುವ ಭಾಷೆಯ ಕತೆಯೇ ಹೀಗಿದ್ದರೆ ಉಳಿದವರ ಪಾಡು ಕೇಳಬೇಕೇ? ಇದರಿಂದ ನಿಮ್ಮ ಬಾಡಿಗೆ ತೀರುವುದಿಲ್ಲ, ನಿಜ. ನಾಚಿಕೆಯನ್ನಂತೂ ಬಿಡಬಹುದು.

ದುಡ್ಡಿನ ಚಿಂತೆ ತಲೆಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅನ್ನುವುದನ್ನು ಅಳೆದು ನೋಡಿದವರೂ ಇದ್ದಾರೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಅವರ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕೊಯ್ಲಿನ ಮುಂಚೆ ಒಮ್ಮೆ, ಕೊಯ್ಲು ಮುಗಿದು ದುಡ್ಡು ಬಂದ ಮೇಲೆ ಇನ್ನೊಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ಕೈ ಬಿಗಿ ಇದ್ದಾಗ ಎಡವಿದ ಅದೇ ರೈತರು ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಈ ಅಧ್ಯಯನದ ಬಗ್ಗೆ ಆಮೇಲೆ ವಾದ-ವಿವಾದವೂ ನಡೆದಿದೆ. ಆದರೂ ಬರೆಯಲು ಕೂತವರಿಗೆ ಇದು ಹೊಸ ಸಂಗತಿಯೇನಲ್ಲ. ಕತೆಯ ಮೂರನೇ ಸಾಲಿನಲ್ಲಿ ಇರುತ್ತೀರಿ. ಸುಮ್ನೆ ಒಂದು ಸಲ ಅಂತ ಫೋನ್ ತೆಗೆಯುತ್ತೀರಿ. ಹೋದ ತಿಂಗಳ ಲೇಖನದ ದುಡ್ಡು ಬಂತಾ? ಬಂದಿಲ್ಲ. ವಾಪಸ್ಸು ಕತೆಗೆ ಬಂದರೆ ಅಲ್ಲಿ ‘ಅವಳು ಬಾಗಿಲು ತೆರೆದಳು’ ಅಂತ ಇದೆ. ಯಾಕೆ ತೆರೆದಳು, ಹೊರಗೆ ಯಾರಿದ್ದರು, ಒಂದೂ ನೆನಪಿಲ್ಲ. ಅಷ್ಟರಲ್ಲಿ ಇನ್ನೊಂದು ಸಲ ಫೋನ್ ಕಡೆ ಕೈ ಹೋಗಿರುತ್ತದೆ.

ಚಿಂತೆ ಮಾಡಬೇಡಿ ಅಂತ ಹೇಳಿ ಪ್ರಯೋಜನವಿಲ್ಲ. ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿ. ವಾರಕ್ಕೆ ಒಂದು ಗಂಟೆ ಸಾಕು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾವ ತಾರೀಖಿಗೆ, ಎಲ್ಲ ಒಂದು ಹಾಳೆಯಲ್ಲಿ ಬರಲಿ. ಬರಬೇಕಾದ ದುಡ್ಡಿಗೆ ಆಗಲೇ ನೆನಪಿನ ಪತ್ರ ಹಾಕಿ. ಹೆಚ್ಚು ಜನ ಎಡವುವುದು ಇಲ್ಲೇ. ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ, ನಿಮಗೆ ಅನುಕೂಲವಾದಾಗ ನೋಡಿ’ ಅಂತ ಶುರು ಮಾಡುತ್ತಾರೆ. ಅನುಕೂಲ ಆಗುವುದೇ ಇಲ್ಲ. ಲೇಖನದ ಹೆಸರು, ಪ್ರಕಟವಾದ ದಿನ, ಒಪ್ಪಿಕೊಂಡ ಮೊತ್ತ, ಯಾವ ತಾರೀಖಿನೊಳಗೆ ಬೇಕು. ಪತ್ರದಲ್ಲಿ ಈ ನಾಲ್ಕು ವಿಷಯ ಇದ್ದು, ಕೊನೆಗೆ ಒಂದು ನಮಸ್ಕಾರ ಇದ್ದರೆ ಮುಗಿಯಿತು. ಕೆಲಸ ಮಾಡಿಕೊಟ್ಟು ದುಡ್ಡು ಕೇಳುವವರು ಕ್ಷಮೆ ಯಾಕೆ ಕೇಳಬೇಕು? ಆ ಗಂಟೆ ಮುಗಿದ ಮೇಲೆ ಹಾಳೆ ಮಡಿಚಿಡಿ. ನಡುವೆ ನೆನಪಾದದ್ದನ್ನು ಬರೆದಿಟ್ಟುಕೊಂಡು ಮುಂದಿನ ವಾರಕ್ಕೆ ತಳ್ಳಿ.

ಆಮೇಲೆ ಕೆಲಸದ ಮಾತು. ನಿಜವಾದ ಲೇಖಕರು ಬರೆದೇ ಬದುಕಬೇಕು ಅನ್ನುವ ಹಟ ಎಲ್ಲಿಂದ ಬಂತೋ ಗೊತ್ತಿಲ್ಲ, ಅದು ಬಹಳ ಜನರನ್ನು ಹಾಳು ಮಾಡಿದೆ. ಕತೆಗಾರ ಕಾಫ್ಕಾ 1908ರಿಂದ 1922ರವರೆಗೆ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಯಲ್ಲಿದ್ದರು. ಕವಿ ಟಿ. ಎಸ್. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ಕೆಲಸ ಮಾಡಿದರು. 1922ರಲ್ಲಿ ಅವರ ಗೆಳೆಯ, ಕವಿ ಎಜ್ರಾ ಪೌಂಡ್, ಎಲಿಯಟ್‌ರನ್ನು ಬ್ಯಾಂಕಿನಿಂದ ಬಿಡಿಸಲೇಬೇಕು ಅಂತ ಚಂದಾ ಎತ್ತಲು ಹೊರಟರು. ಎಲಿಯಟ್‌ಗೆ ಅದು ಮುಜುಗರವಾಯಿತು, ಯೋಜನೆಯೂ ದಡ ಸೇರಲಿಲ್ಲ. ಕೆಲಸವೇನೂ ಸ್ವರ್ಗವಲ್ಲ. ಕಾಫ್ಕಾ ಕಚೇರಿಯನ್ನು ಬೈದುಕೊಂಡೇ ಇದ್ದರು. ಆದರೆ ಸಂಬಳ ಬರುತ್ತಿದ್ದರೆ ನಿಮ್ಮ ಕತೆ ಇವತ್ತೇ ದುಡಿದು ತರಬೇಕಾಗಿಲ್ಲ. ಹಾಗಾಗಿ ಅದು ನಿಧಾನವಾಗಿ ಬೆಳೆಯಬಹುದು. ಯಾರಿಗೂ ಇಷ್ಟವಾಗದೆಯೂ ಇರಬಹುದು. ದುಡ್ಡಿಲ್ಲದ ಲೇಖಕರಿಗೆ ಇದಕ್ಕಿಂತ ದೊಡ್ಡ ಸಿರಿ ನನಗೆ ತೋಚುವುದಿಲ್ಲ.

ಇನ್ನು ಬರವಣಿಗೆಯ ಲೆಕ್ಕ. ಇದರಲ್ಲಿ ರೂಪಾಯಿಯೂ ಇಲ್ಲ, ಪೌಂಡೂ ಇಲ್ಲ. ನಿಮ್ಮ ಹಳೆಯ ನೋಟ್‌ಬುಕ್ ತೆಗೆದು ನೋಡಿ. ಬಸ್ಸಿನಲ್ಲಿ ಕೇಳಿಸಿಕೊಂಡ ಅರ್ಧ ಜಗಳ, ಶೀರ್ಷಿಕೆ ಮಾತ್ರ ಇರುವ ಕತೆ, ಎರಡು ಸಾಲಿಗೆ ನಿಂತ ಪದ್ಯ, ಒಂದು ಪಾತ್ರದ ನಡಿಗೆ. ಅದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದ್ದೇ ಇರಬಹುದು. ಉಳಿದದ್ದು ಸಾಕು, ಅದನ್ನೇ ಬರೆದು ಮುಗಿಸಲು ವರ್ಷಗಳು ಬೇಕು. ಓದುವುದಕ್ಕೂ ಇದೇ ಮಾತು. ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತವರಿಗೆ ಶ್ರೀಮಂತರಿಗಿಂತ ಒಂದು ಪುಸ್ತಕವೂ ಕಡಿಮೆ ಬೀಳುವುದಿಲ್ಲ, ಯಾಕೆಂದರೆ ಎಷ್ಟು ದುಡ್ಡಿದ್ದರೂ ಒಂದು ಆಯುಷ್ಯದಲ್ಲಿ ಓದಿ ಮುಗಿಸಲಾಗದಷ್ಟು ಅಲ್ಲಿರುತ್ತದೆ.

ಜೇಬು ಖಾಲಿ ಇರುವಾಗ ಬರೆಯುವುದರಲ್ಲೂ ಜಿಪುಣತನ ಬಂದುಬಿಡುತ್ತದೆ. ಒಳ್ಳೆಯ ಸಾಲು ಹೊಳೆದರೆ ‘ಇದನ್ನು ಈ ಚಿಕ್ಕ ಲೇಖನಕ್ಕೆ ಯಾಕೆ ಹಾಕಲಿ, ಕಾದಂಬರಿಗೆ ಇರಲಿ’ ಅಂತ ಎತ್ತಿಡುತ್ತೀರಿ. ಕಾದಂಬರಿ ಶುರುವಾಗುವುದಿಲ್ಲ, ಚಿಕ್ಕ ಲೇಖನ ಸಪ್ಪೆಯಾಗುತ್ತದೆ. ಒಳ್ಳೆಯದನ್ನು ಇವತ್ತಿನ ಬರಹಕ್ಕೇ ಹಾಕಿ. ಬರೆಯುತ್ತಾ ಹೋದವರಿಗೆ ಇನ್ನೊಂದು ಸಾಲು ಹೊಳೆಯುತ್ತದೆ, ಎತ್ತಿಟ್ಟವರಿಗೆ ಆ ಒಂದೇ ಉಳಿಯುತ್ತದೆ. ಹೊಟ್ಟೆಕಿಚ್ಚಿನ ಮೂಲವೂ ಇದೇ. ಇನ್ನೊಬ್ಬರಿಗೆ ಬಹುಮಾನ ಬಂದರೆ ನಮ್ಮ ಪಾಲು ಕಡಿಮೆಯಾಯಿತು ಅನ್ನಿಸುವುದು. ಅದಕ್ಕೆ ನನಗೆ ಗೊತ್ತಿರುವ ಒಂದೇ ಮದ್ದು, ಬರೆಯುವ ಗೆಳೆಯರ ಜೊತೆ ದುಡ್ಡಿನ ಮಾತನ್ನು ಮುಚ್ಚುಮರೆ ಇಲ್ಲದೆ ಆಡುವುದು. ಯಾವ ಪತ್ರಿಕೆ ಎಷ್ಟು ಕೊಡುತ್ತದೆ, ಯಾರು ಸತಾಯಿಸುತ್ತಾರೆ, ಯಾವ ಅನುವಾದಕ್ಕೆ ಎಷ್ಟು ಕೇಳಬಹುದು ಅನ್ನುವುದೆಲ್ಲ ಎಲ್ಲರಿಗೂ ಗೊತ್ತಾದರೆ ಎಲ್ಲರ ದರವೂ ಏರುತ್ತದೆ. ಗುಟ್ಟಾಗಿಟ್ಟರೆ ಲಾಭ ಕೊಡುವವರಿಗೆ ಮಾತ್ರ.

ಕನ್ನಡಿ ಮುಂದಿನ ಮಂತ್ರವನ್ನು ಆಡಿಕೊಂಡೆನಲ್ಲ, ಅದಕ್ಕೆ ಎದುರುತ್ತರವೂ ಇದೆ. ಅಮೆರಿಕದ ವಿಜ್ಞಾನ ಕತೆಗಾರ್ತಿ ಆಕ್ಟೇವಿಯಾ ಬಟ್ಲರ್ ಪಾತ್ರೆ ತೊಳೆದರು, ಫೋನಿನಲ್ಲಿ ಮಾರಾಟದ ಕೆಲಸ ಮಾಡಿದರು, ಬೆಳಗಿನ ಜಾವ ಎರಡಕ್ಕೇ ಎದ್ದು ಬರೆದರು. 1988ರ ಒಂದು ನೋಟ್‌ಬುಕ್ಕಿನಲ್ಲಿ ತನ್ನ ಪುಸ್ತಕಗಳು ಲಕ್ಷಗಟ್ಟಲೆ ಜನ ಓದುವಂಥವಾಗುತ್ತವೆ ಅಂತ ತನಗೆ ತಾನೇ ಬರೆದುಕೊಂಡರು. ಆ ಹಾಳೆ ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದಲ್ಲಿದೆ. 1995ರಲ್ಲಿ ಅವರಿಗೆ ಪ್ರತಿಭಾವಂತರಿಗೆ ದೊಡ್ಡ ಮೊತ್ತ ಕೊಡುವ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ಹಾಗಾದರೆ ಮಂತ್ರ ಫಲಿಸಿತಾ? ಎರಡು ಗಂಟೆಗೆ ಎದ್ದದ್ದನ್ನು ಬಿಟ್ಟು ಬರೀ ಆ ಹಾಳೆಯನ್ನು ತೋರಿಸುವವರ ಮೇಲೆ ನನಗೆ ಸಿಟ್ಟು. ಎದ್ದೇಳಲು ಆ ಸಾಲುಗಳು ಬೇಕಿದ್ದರೆ ಬರೆದುಕೊಳ್ಳಲಿ ಬಿಡಿ.

ಕೊನೆಯದಾಗಿ ಹಕ್ಕು, ಅಂದರೆ ಕಾಪಿರೈಟ್. ಎರಡೂ ಲೆಕ್ಕದಲ್ಲಿ ಬರುವುದು ಇದೊಂದೇ. ನೀವು ಬರೆದ ಪ್ರತಿ ಬರಹವೂ ಬರೆದ ಕ್ಷಣದಿಂದ ನಿಮ್ಮ ಆಸ್ತಿ. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಅದು ಅವರ ವಾರಸುದಾರರದು. ಭಾರತದಲ್ಲಿ 60 ವರ್ಷ, ಎಷ್ಟೋ ದೇಶಗಳಲ್ಲಿ 70. ಕೈ ಬಿಗಿ ಇದ್ದಾಗ ಮೊದಲು ಕಳೆದುಕೊಳ್ಳುವುದೂ ಇದನ್ನೇ. ಸಾಲದಲ್ಲಿ ಮುಳುಗಿದ್ದ ರಷ್ಯಾದ ಕಾದಂಬರಿಕಾರ ದಸ್ತಯೇವ್‌ಸ್ಕಿ 1865ರಲ್ಲಿ ಸ್ಟೆಲೊವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವರ ಬರಹಗಳನ್ನು ಆತ ಬಿಟ್ಟಿಯಾಗಿ ಅಚ್ಚು ಹಾಕಬಹುದಿತ್ತು. ಕೊನೆಯ ತಿಂಗಳಲ್ಲಿ ಶೀಘ್ರಲಿಪಿಗಾರ್ತಿ ಆನ್ನಾಗೆ ಹೇಳಿ ಬರೆಸಿ 26 ದಿನಗಳಲ್ಲಿ ಕಾದಂಬರಿ ಮುಗಿಸಿ ಪಾರಾದರು. ಎಲ್ಲರೂ ಹಾಗೆ ಪಾರಾಗುವುದಿಲ್ಲ. ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳು, ಎಲ್ಲ ರೂಪಗಳಲ್ಲಿ, ಎಂದೆಂದಿಗೂ’ ಅಂತ ಕಂಡರೆ ಅದನ್ನು ಹೊಡೆದುಹಾಕಿ. ಅಚ್ಚು, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಪ್ರತಿಯೊಂದನ್ನೂ ಬೇರೆ ಬೇರೆ ಬರೆಸಿ. ಎಷ್ಟು ವರ್ಷಕ್ಕೆ ಅನ್ನುವುದನ್ನೂ ಸೇರಿಸಿ. ಒಪ್ಪದಿದ್ದರೆ ಕನಿಷ್ಠ ಆಡಿಯೋ ಮತ್ತು ಅನುವಾದದ ಹಕ್ಕನ್ನಾದರೂ ಉಳಿಸಿಕೊಂಡು ಸಹಿ ಹಾಕಿ.