ಪೊದೆ ಮಿಡತೆ ಗುರುತಿಸಲು ರೆಕ್ಕೆ ನಂಬಬೇಡಿ, ಹಿಂಭಾಗ ನೋಡಿ

ಪೊದೆ ಮಿಡತೆ, ಅಂದರೆ ಬುಷ್ ಕ್ರಿಕೆಟ್ ಗುಂಪನ್ನು ಗುರುತಿಸುವುದು ಸುಲಭ. ಕೂದಲೆಳೆಯಂಥ ಉದ್ದ ಮೀಸೆ, ಪಾದದಲ್ಲಿ 4 ಗೆಣ್ಣು, ಮುಂಗಾಲಿನ ಮಂಡಿಯ ಕೆಳಗೆ ಕಿವಿ. ತಲೆನೋವು ಶುರುವಾಗುವುದು ಒಂದೇ ಕುಲದ ಎರಡು ಪ್ರಭೇದ ಎದುರಾದಾಗ.

ಯುರೋಪಿನ ಕೊನೊಸೆಫಾಲಸ್ ಕುಲದ ಫಸ್ಕಸ್, ಡಾರ್ಸಾಲಿಸ್ ಎಂಬ ಎರಡು ಪ್ರಭೇದಗಳ ಜೋಡಿಯನ್ನೇ ನೋಡಿ. ಎರಡೂ ಹಸಿರು, ಎರಡಕ್ಕೂ ಬೆನ್ನ ಮೇಲೆ ಕಂದು ಪಟ್ಟೆ. ಫಸ್ಕಸ್‌ಗೆ ಉದ್ದ ರೆಕ್ಕೆ, ಡಾರ್ಸಾಲಿಸ್‌ಗೆ ಗಿಡ್ಡ ರೆಕ್ಕೆ. ನಾನೂ ಮೊದಲು ಸುಮ್ನೆ ರೆಕ್ಕೆ ನೋಡಿ ಹೆಸರು ಬರೆದುಬಿಡುತ್ತಿದ್ದೆ. ಆದರೆ ಡಾರ್ಸಾಲಿಸ್‌ನಲ್ಲೂ ಆಗಾಗ ಉದ್ದ ರೆಕ್ಕೆಯವು ಹುಟ್ಟುತ್ತವೆ! ಆಗ ಕೈಹಿಡಿಯುವುದು ಹೆಣ್ಣಿನ ಮೊಟ್ಟೆಯಿಡುವ ಅಂಗ. ಫಸ್ಕಸ್‌ದು ಹೆಚ್ಚುಕಡಿಮೆ ಸೂಜಿಯಂತೆ ನೇರ. ಡಾರ್ಸಾಲಿಸ್‌ದು ಮೇಲಕ್ಕೆ ಬಾಗಿರುತ್ತದೆ. ಫೋಟೊ ಪಕ್ಕದಿಂದಲೇ ತೆಗೆಯಿರಿ, ಮೇಲಿಂದ ತೆಗೆದರೆ ಆ ಬಾಗು ಕಾಣುವುದೇ ಇಲ್ಲ.

ಗಿಡ್ಡ ರೆಕ್ಕೆ ಕಂಡರೆ ಇನ್ನೊಂದು ಅನುಮಾನವೂ ಇರಲಿ: ಅದು ಮರಿ ಇರಬಹುದಲ್ವಾ? ದೊಡ್ಡ ಮರಿಗಳಲ್ಲಿ ರೆಕ್ಕೆಯ ಮೊಗ್ಗು ತಿರುವುಮುರುವಾಗಿ ಕೂತಿರುತ್ತದೆ. ಹಿಂದಿನ ರೆಕ್ಕೆಯದು ಮೇಲೆ, ಮುಂದಿನದು ಕೆಳಗೆ. ಬೆಳೆದ ಮೇಲೆ ಮುಂದಿನ ರೆಕ್ಕೆಯೇ ಮೇಲೆ ಬರುತ್ತದೆ.

ಗಂಡಿನಲ್ಲಿ ಹೊಟ್ಟೆಯ ತುದಿಯ ಜೋಡಿ ಕೊಂಡಿಗಳನ್ನು ನೋಡಬೇಕು. ಇಂಥ ಒಂದೊಂದು ಕೊಂಡಿಗೂ ಸರ್ಕಸ್ (cercus) ಅಂತ ಹೆಸರು. ನನ್ನ ನೋಟ್ಸ್ ಓದಿದವರು ನಕ್ಕಿದ್ದುಂಟು. ಮಿಲನದ ಹೊತ್ತಿನಲ್ಲಿ ಹೆಣ್ಣನ್ನು ಹಿಡಿದುಕೊಳ್ಳಲು ಇವು ಬೇಕು. ಎಷ್ಟೋ ಕುಲಗಳಲ್ಲಿ ಇವುಗಳ ಒಳಬದಿಗೆ ಒಂದು ಹಲ್ಲು ಇರುತ್ತದೆ. ಅದು ಬುಡದ ಹತ್ತಿರವೋ, ನಡುವೆಯೋ, ತುದಿಯ ಕಡೆಗೋ ಅನ್ನುವುದರ ಮೇಲೆ ಪ್ರಭೇದ ತೀರ್ಮಾನವಾಗುತ್ತದೆ. ಮೇಲಿಂದ ಲೆನ್ಸ್ ಹಿಡಿದರೆ ಕಾಣುತ್ತದೆ, ಕೊಯ್ಯುವ ಅಗತ್ಯವಿಲ್ಲ.

ಟೆಟ್ಟಿಗೋನಿಯಾ ಕುಲದಲ್ಲಿ ಮಾತ್ರ ರೆಕ್ಕೆಯೂ ಸ್ವಲ್ಪ ಸಹಾಯಕ್ಕೆ ಬರುತ್ತದೆ. ವಿರಿಡಿಸಿಮಾದ ರೆಕ್ಕೆ ಹಿಂಗಾಲಿನ ಮಂಡಿ ದಾಟಿ ಬಹಳ ಮುಂದೆ ಹೋಗುತ್ತದೆ, ಕ್ಯಾಂಟನ್ಸ್‌ದು ಮಂಡಿಯ ಹತ್ತಿರವೇ ನಿಲ್ಲುತ್ತದೆ. ಅದೇ ಕುಲದ ಕೌಡಾಟಾ ಬಂದಾಗ ಮತ್ತೆ ಗೊಂದಲ. ಅದರ ಹೆಣ್ಣಿನ ಮೊಟ್ಟೆಯಿಡುವ ಅಂಗ ರೆಕ್ಕೆಯ ತುದಿಗಿಂತ ಹೊರಗೆ ಚಾಚಿರುತ್ತದೆ, ಕ್ಯಾಂಟನ್ಸ್‌ದೂ ಹಾಗೇ. ಅಂಥ ಹೊತ್ತಲ್ಲಿ ಹಿಂದೊಡೆಯ ಕೆಳಬದಿಯ ಮುಳ್ಳುಗಳನ್ನು ನೋಡಿ. ಪ್ರತಿ ಮುಳ್ಳಿನ ಬುಡದಲ್ಲೂ ಕಪ್ಪು ಚುಕ್ಕೆ ಇದ್ದರೆ ಅದು ಕೌಡಾಟಾ.

ಐಸೋಫಿಯಾದಂಥ ಕುಲಗಳಲ್ಲಿ ಇಷ್ಟೆಲ್ಲ ನೋಡಿದರೂ ಸಾಲುವುದಿಲ್ಲ. ಗಂಡಿನ ಎಡರೆಕ್ಕೆಯ ಅಡಿಯಲ್ಲಿ ಅರದಂಥ ಹಲ್ಲುಸಾಲು ಇದೆ, ಹಾಡು ಹುಟ್ಟುವುದೇ ಅಲ್ಲಿ. ಆ ಹಲ್ಲುಗಳನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸಿ, ಹಾಡಿನ ಜೊತೆ ತಾಳೆ ನೋಡಬೇಕು. ಅದಕ್ಕೇ ಹಿಡಿಯುವ ಮುಂಚೆಯೇ ಹಾಡು ರೆಕಾರ್ಡ್ ಮಾಡಿಕೊಳ್ಳಿ. ಡಬ್ಬಿಗೆ ಹಾಕಿದ ಮೇಲೆ ಅದು ಬಾಯಿ, ಅಲ್ಲಲ್ಲ, ರೆಕ್ಕೆ ಬಿಚ್ಚದೇ ಇರಬಹುದು.