ಜಮ್ಶೀದ್: ಅಲ್ಲಿ ಹೊಳೆಯುವ ರಾಜ, ಇಲ್ಲಿ ಜವರಾಯ

ಮಗುವಿಗೆ ಹೆಸರು ಹುಡುಕುವವರು ಮೊಬೈಲಿನಲ್ಲಿ ‘ಜಮ್ಶೀದ್’ ಎಂದು ಬರೆದು ನೋಡಿದರೆ ತಲೆ ಕೆಟ್ಟುಹೋಗುತ್ತದೆ. ಒಂದು ಪಟ್ಟಿ ‘ಹೊಳೆಯುವವನು’ ಎನ್ನುತ್ತದೆ, ಇನ್ನೊಂದು ‘ಸೂರ್ಯಕಿರಣ’, ಮತ್ತೊಂದು ‘ಬೆಳಗುವ ಬಟ್ಟಲು’. ಪಾರ್ಸಿ ಹೆಸರು ಅಂತ ಒಬ್ಬರು, ಅಪ್ಪಟ ಮುಸ್ಲಿಂ ಹೆಸರು ಅಂತ ಇನ್ನೊಬ್ಬರು. ಬರೆಯುವುದು ಜಮ್ಶೀದೋ, ಜಮ್ಶೇದೋ, ಜಮ್ಶೆಡ್ಡೋ ಎಂಬುದೂ ತೀರ್ಮಾನವಾಗಿಲ್ಲ. ಅದೃಷ್ಟಸಂಖ್ಯೆ, ಅದೃಷ್ಟದ ಬಣ್ಣ ಮಾತ್ರ ಎಲ್ಲ ಕಡೆಯೂ ಖಡಾಖಂಡಿತವಾಗಿ ಸಿಗುತ್ತವೆ.

ಬೇರು ಹಿಡಿದು ಹೋದರೆ ಸಿಗುವವನು ನಮಗೆ ಚೆನ್ನಾಗಿ ಗೊತ್ತಿರುವವನೇ. ಕೋಣನ ಮೇಲೆ ಕೂತು ಪಾಶ ಹಿಡಿದು ಬರುವ ಯಮ.

ಜರತುಷ್ಟ್ರ ಧರ್ಮದ ಪವಿತ್ರ ಗ್ರಂಥವಾದ ಅವೆಸ್ತಾದಲ್ಲಿ ‘ಯಿಮ ಕ್ಷಏತ’ ಎಂಬ ರಾಜನಿದ್ದಾನೆ. ಅಪ್ಪನ ಹೆಸರು ವೀವಹ್ವಂತ. ಹವೋಮದ ರಸ ಹಿಂಡಿದ ಮೊದಲ ಮನುಷ್ಯ ಈ ವೀವಹ್ವಂತ, ಅದರ ಫಲವಾಗಿ ಹುಟ್ಟಿದ ಮಗ ಯಿಮ ಎನ್ನುತ್ತದೆ ಅವೆಸ್ತಾ. ಋಗ್ವೇದದ ಯಮನ ಅಪ್ಪ ವಿವಸ್ವಂತ; ಅವೆಸ್ತಾದ ಹವೋಮವೇ ನಮ್ಮ ಸೋಮ. ಇರಾನಿನವರೂ ವೇದದವರೂ ಒಂದೇ ಮಾತಾಡುತ್ತಿದ್ದ ಕಾಲದಲ್ಲಿ ಹುಟ್ಟಿದ ಒಬ್ಬನೇ ಮನುಷ್ಯನ ಕತೆ ಇದು, ಆಮೇಲೆ ಎರಡು ಮನೆಯಾಯಿತು. ‘ಯಮ’ ಎಂದರೆ ಮೂಲದಲ್ಲಿ ಅವಳಿ. ಋಗ್ವೇದದಲ್ಲಿ ಅವನ ಅವಳಿ ತಂಗಿ ಯಮಿ ಇದ್ದಾಳೆ. ನಾವು ಈಗಲೂ ಅವಳಿ-ಜವಳಿ ಅನ್ನುತ್ತೇವಲ್ಲ, ಆ ‘ಜವಳಿ’ ಸಂಸ್ಕೃತದ ‘ಯಮಲ’ದ ತದ್ಭವ.

‘ಯ’ ಹೋಗಿ ‘ಜ’ ಆದದ್ದನ್ನು ನೋಡಿದಿರಾ? ಯಿಮ ‘ಜಮ್’ ಆದದ್ದೂ ಹಾಗೆಯೇ. ಹಳೆಯ ಇರಾನಿ ಭಾಷೆಯಲ್ಲಿ ಪದದ ಮೊದಲಿಗಿದ್ದ ‘ಯ’ ಪಾರ್ಸಿಯಲ್ಲಿ, ಅಂದರೆ ಪರ್ಷಿಯನ್ ಭಾಷೆಯಲ್ಲಿ, ‘ಜ’ ಆಯಿತು. ಸಂಸ್ಕೃತದ ‘ಯುವನ್’ಗೆ ಸಂಬಂಧಿಯಾದ ಪದ ಅಲ್ಲಿ ‘ಜವಾನ್’ ಆಗಿ, ಅಲ್ಲಿಂದ ನಮ್ಮ ಕಚೇರಿಯ ಜವಾನನವರೆಗೆ ಬಂತು. ‘ಯಾತು’ ಎಂಬ ಮಾಟದ ಪದ ‘ಜಾದೂ’ ಆಯಿತು. ಇತ್ತ ನಮ್ಮಲ್ಲಿ ಪ್ರಾಕೃತದ ದಾರಿಯಿಂದ ಅದೇ ಬದಲಾವಣೆ ಬೇರೆಯಾಗಿಯೇ ನಡೆಯಿತು: ಯಾತ್ರೆ ಜಾತ್ರೆಯಾಯಿತು, ಯೌವನ ಜವ್ವನವಾಯಿತು, ಯೋಗಿ ಜೋಗಿಯಾದ. ಯಮ ‘ಜವ’ ಆದ. ಹಳಗನ್ನಡ ಕವಿಗಳ ಜವ, ಜನಪದ ಹಾಡುಗಳ ಜವರಾಯ ಇವನೇ.

ಇನ್ನು ‘ಶೀದ್’. ಇದು ‘ಕ್ಷಏತ’ದ ಸವೆದ ರೂಪ. ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ. ‘ಹೊಳೆಯುವ’ ಎನ್ನುವವರು ಸೂರ್ಯನ ಹೆಸರನ್ನು ಸಾಕ್ಷಿಗೆ ತರುತ್ತಾರೆ: ‘ಹ್ವರೆ ಕ್ಷಏತ’ವೇ ಖುರ್ಷಿದ್ ಆಯಿತು, ಅಲ್ಲಿಯ ‘ಹ್ವರೆ’ ಸಂಸ್ಕೃತದ ‘ಸ್ವರ್’. ‘ಆಳುವ, ರಾಜಕಳೆಯ’ ಎನ್ನುವವರು ಕ್ಷತ್ರ, ಕ್ಷತ್ರಿಯ ಎಂಬ ಪದಗಳ ಕಡೆ ಕೈತೋರಿಸುತ್ತಾರೆ. ಪಟ್ಟಿಗಳ ‘ಸೂರ್ಯಕಿರಣ’ ಬಂದದ್ದು ಬಹುಶಃ ಈ ಖುರ್ಷಿದ್ ನೆಂಟಸ್ತಿಕೆಯಿಂದ. ನನಗೆ ಎರಡನೆಯ ಅರ್ಥವೇ ರುಚಿಸುತ್ತದೆ, ಕಾರಣ ಸ್ವಲ್ಪ ಸ್ವಾರ್ಥದ್ದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನನ್ನು ಕರೆಯುವುದೇ ‘ಯಮಂ ರಾಜಾನಂ’ ಎಂದು. ಜಮ್ ಎಂದರೆ ಜವ, ಶೀದ್ ಎಂದರೆ ರಾಯ ಎಂದಾದರೆ ಜಮ್ಶೀದನೂ ಜವರಾಯನೂ ಒಂದೇ ಪದದ ಎರಡು ಪಾಠಗಳು.

ಆದರೆ ನಾವು ಯಮಗಂಡ ಕಾಲ ತಪ್ಪಿಸಿ ಮನೆಯಿಂದ ಹೊರಡುವವರು. ಅಲ್ಲಿ ಅದೇ ಹೆಸರನ್ನು ತೊಟ್ಟಿಲ ಮಗುವಿನ ಕಿವಿಯಲ್ಲಿ ಉಸಿರುತ್ತಾರೆ. ಅದು ಹೇಗೆ?

ವೇದದ ಯಮ ಮೊದಲು ಸತ್ತವನು, ಹಿಂದೆ ಬರುವವರಿಗೆ ದಾರಿ ಕಂಡುಕೊಟ್ಟವನು. ಆ ಲೋಕಕ್ಕೆ ಒಡೆಯನಾದ. ಅವೆಸ್ತಾದ ಯಿಮ ಈ ಲೋಕದಲ್ಲೇ ಉಳಿದ. ಅವನ ಆಳ್ವಿಕೆಯಲ್ಲಿ ಚಳಿಯಿಲ್ಲ, ಬಿಸಿಲ ಬೇಗೆಯಿಲ್ಲ, ಮುಪ್ಪಿಲ್ಲ, ಸಾವಿಲ್ಲ. ಸಾವೇ ಇಲ್ಲದ ಮೇಲೆ ಜನ, ದನ ತುಂಬಿ ಭೂಮಿ ಸಾಲದೆ ಹೋಯಿತು. ಯಿಮ ಚಿನ್ನದ ಆಯುಧದಿಂದ ನೆಲವನ್ನು ಮೂರು ಸಲ ಹಿಗ್ಗಿಸಿದ. ಆಮೇಲೆ ಭೀಕರ ಚಳಿಗಾಲ ಬರಲಿದೆ ಎಂದು ಅವೆಸ್ತಾದ ಪರಮದೇವರಾದ ಅಹುರ ಮಜ್ದಾ ಎಚ್ಚರಿಸಿದಾಗ ‘ವರ’ ಎಂಬ ಕೋಟೆಯಂಥ ಆವರಣ ಕಟ್ಟಿ, ಮನುಷ್ಯ, ಪ್ರಾಣಿ, ಗಿಡಮರಗಳ ಬೀಜಗಳನ್ನು ಅದರೊಳಗೆ ಕಾಪಾಡಿದ. ಒಬ್ಬ ಯಮ ಸಾವಿಗೆ ದಾರಿ ತೋರಿದ, ಇನ್ನೊಬ್ಬ ಸಾವನ್ನು ಬಾಗಿಲಲ್ಲೇ ನಿಲ್ಲಿಸಿದ.

ಬಾಗಿಲು ಬಹಳ ದಿನ ನಿಲ್ಲಲಿಲ್ಲ ಎಂಬುದನ್ನು ಹೆಸರಿನ ಪಟ್ಟಿಗಳು ಹೇಳುವುದಿಲ್ಲ. ಯಿಮ ಸುಳ್ಳಾಡಿದ, ಅವನ ರಾಜತೇಜಸ್ಸು ಹಕ್ಕಿಯ ರೂಪ ತಾಳಿ ಹಾರಿಹೋಯಿತು. ಸುಮಾರು 1010ರಲ್ಲಿ ಫಿರ್ದೌಸಿ ಮುಗಿಸಿದ, ಇರಾನಿನ ರಾಜರ ಮಹಾಕಾವ್ಯವಾದ ಶಾಹನಾಮೆಯಲ್ಲಿ ಇದೇ ಕತೆ ಇನ್ನಷ್ಟು ವಿಸ್ತಾರ. ಅಲ್ಲಿ ಜಮ್ಶೀದ್ 700 ವರ್ಷ ಆಳುತ್ತಾನೆ. ಆಯುಧ, ಬಟ್ಟೆ, ಮನೆ, ಸುಗಂಧ, ಔಷಧ ಎಲ್ಲವನ್ನೂ ಜನರಿಗೆ ಕಲಿಸುತ್ತಾನೆ. ರತ್ನದ ಸಿಂಹಾಸನ ಮಾಡಿಸಿ ದೈತ್ಯರಿಂದ ಆಕಾಶಕ್ಕೆ ಎತ್ತಿಸಿಕೊಳ್ಳುತ್ತಾನೆ. ಆ ದಿನವೇ ಹೊಸವರ್ಷದ ಹಬ್ಬ ನೌರೋಜ್. ಕೊನೆಗೆ ‘ಲೋಕಕ್ಕೆ ನನ್ನ ಬಿಟ್ಟರೆ ಯಾರು?’ ಎಂಬ ಅಹಂಕಾರ ತಲೆಗೇರಿ, ಹೆಗಲಲ್ಲಿ ಹಾವು ಹೊತ್ತ ಜಹಾಕ್ ಅವನನ್ನು ಗರಗಸದಿಂದ ಸೀಳಿಸುತ್ತಾನೆ. ಜನ ಸಿಂಹಾಸನವನ್ನು ನೆನಪಿಟ್ಟುಕೊಂಡು ಗರಗಸವನ್ನು ಮರೆತರು. ಹೆಸರಿಡುವವರು ಎಲ್ಲ ಕಡೆಯೂ ಹೀಗೇ, ಕರ್ಣ ಎಂದು ಮಗನನ್ನು ಕರೆಯುವ ನಾವು ಅವನ ರಥದ ಗಾಲಿ ನೆನೆಯುತ್ತೇವೆಯೇ?

ಬಟ್ಟಲಿನ ಅರ್ಥ ಸೇರಿಕೊಂಡದ್ದು ಇನ್ನೊಂದು ತಮಾಷೆ. ಪಾರ್ಸಿಯಲ್ಲಿ ‘ಜಾಮ್’ ಎಂದರೆ ಬಟ್ಟಲು, ದೀರ್ಘ ‘ಜಾ’. ಲೋಕವನ್ನೇ ತೋರಿಸುವ ಮಾಯಾಬಟ್ಟಲು ಶಾಹನಾಮೆಯಲ್ಲಿ ಇರುವುದು ಕೈಖುಸ್ರೋ ಎಂಬ ಇನ್ನೊಬ್ಬ ರಾಜನ ಬಳಿ. ಜಾಮ್ ಮತ್ತು ಜಮ್ ಪ್ರಾಸ ಕೂಡಿದ್ದೇ ತಡ, ಕವಿಗಳು ಬಟ್ಟಲನ್ನು ಜಮ್ಶೀದನ ಕೈಗೆ ದಾಟಿಸಿದರು. ‘ಜಾಮ್-ಏ-ಜಮ್’ ಉರ್ದು ಕಾವ್ಯದಲ್ಲೂ ನೆಲೆಯೂರಿತು. ಕಾವ್ಯಕ್ಕೆ ಅದು ಚೆಂದ, ನಿಘಂಟಿಗಲ್ಲ.

ಕಟ್ಟಡಗಳೂ ಹೀಗೆ ಕೈ ಬದಲಿಸಿದವು. ಒಂದನೆಯ ಡೇರಿಯಸ್ ಕಟ್ಟಲು ತೊಡಗಿ, ಕ್ರಿ.ಪೂ. 330ರಲ್ಲಿ ಅಲೆಗ್ಸಾಂಡರ್ ಬಂದಾಗ ಸುಟ್ಟುಹೋದ ಪರ್ಸೆಪೊಲಿಸ್ ಅರಮನೆಯನ್ನು ಇರಾನಿನ ಜನ ಇಂದಿಗೂ ‘ತಖ್ತ್-ಏ-ಜಮ್ಶೀದ್’, ಅಂದರೆ ಜಮ್ಶೀದನ ಸಿಂಹಾಸನ, ಎಂದೇ ಕರೆಯುವುದು. ಅಲ್ಲೇ ಮಣ್ಣಿನಡಿ ಸಿಕ್ಕ ಎಲಾಮಿ ಭಾಷೆಯ ಲೆಕ್ಕದ ಹಲಗೆಗಳಲ್ಲಿ ‘ಯಮಕ್ಷೆದ್ದ’ ಎಂಬ ಹೆಸರು ಕಾಣುತ್ತದೆ. ಪುರಾಣದ ರಾಜನಲ್ಲ, ಆ ಕಾಲದ ನಿಜವಾದ ಮನುಷ್ಯ. ಅಂದರೆ ಸುಮಾರು 2,500 ವರ್ಷಗಳ ಹಿಂದೆಯೇ ಅಪ್ಪ-ಅಮ್ಮಂದಿರು ಈ ಹೆಸರಿಡುತ್ತಿದ್ದರು.

ಇಸ್ಲಾಂ ಬಂದ ಮೇಲೆ ಹೆಸರು ಅಳಿಯಲಿಲ್ಲ, ಮನೆ ದೊಡ್ಡದಾಯಿತು. ಪೈ ಬೆಲೆಯನ್ನು 16 ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿ 1429ರಲ್ಲಿ ಸಮರ್ಕಂದದಲ್ಲಿ ತೀರಿಕೊಂಡ ಗಣಿತಜ್ಞ ಗಿಯಾಸುದ್ದೀನ್ ಜಮ್ಶೀದ್ ಅಲ್-ಕಾಶಿ. ನಮ್ಮ ದಖ್ಖನ್ನಿನಲ್ಲಿ 1543ರಿಂದ 1550ರವರೆಗೆ ಗೋಲ್ಕೊಂಡ ಆಳಿದವನು ಜಮ್ಶೀದ್ ಕುಲಿ ಕುತುಬ್ ಶಾ, ಬಿಜಾಪುರದ ಆದಿಲ್‌ಶಾಹಿಗಳಿಗೆ ಎದುರಾಳಿ. ಇಂದು ತಜಿಕಿಸ್ತಾನ, ಉಜ್ಬೇಕಿಸ್ತಾನ, ಪಾಕಿಸ್ತಾನಗಳಲ್ಲಿ ಇದು ಮನೆಮಾತಾದ ಹೆಸರು. ಮಲಬಾರಿನಿಂದ ಮಂಗಳೂರಿನವರೆಗಿನ ಕರಾವಳಿಯಲ್ಲೂ ಜಂಶೀದ್‌ಗಳು ಸಿಗುತ್ತಾರೆ. ಯಾವ ಧರ್ಮದ ಹೆಸರು ಎಂದು ಪಟ್ಟು ಹಿಡಿಯುವುದರಲ್ಲಿ ಹುರುಳಿಲ್ಲ.

‘ಶೀದ್’, ‘ಶೇದ್’ ಜಗಳಕ್ಕೂ ಇಲ್ಲೇ ಉತ್ತರ. ಮಧ್ಯಕಾಲದ ಪಾರ್ಸಿಯಲ್ಲಿ ಅದು ‘ಜಮ್ಶೇದ್’. ಆಮೇಲೆ ಇರಾನಿನಲ್ಲಿ ಈ ‘ಏ’ ಸ್ವರ ‘ಈ’ ಆಯಿತು. ಭಾರತಕ್ಕೂ ತಜಿಕರಿಗೂ ಹಳೆಯ ಉಚ್ಚಾರವೇ ಉಳಿಯಿತು. ಸಿಂಹಕ್ಕೆ ನಮ್ಮ ಕಡೆ ‘ಶೇರ್’, ಟೆಹರಾನಿನಲ್ಲಿ ‘ಶೀರ್’. ಹಾಲಿಗೂ ಅಲ್ಲಿ ‘ಶೀರ್’ ಎಂಬುದರಿಂದ ಆಗುವ ಪಜೀತಿ ಬೇರೆ.

ಇರಾನಿನಲ್ಲಿ ಹೆಸರಿಗೆ ಇನ್ನೊಮ್ಮೆ ಕಳೆ ಬಂದದ್ದು ಪಹ್ಲವಿ ದೊರೆಗಳ ಕಾಲದಲ್ಲಿ, ಇಸ್ಲಾಂಪೂರ್ವ ವೈಭವವನ್ನು ಸರ್ಕಾರವೇ ಹೊಗಳುತ್ತಿದ್ದಾಗ. 1977-78ರಲ್ಲಿ ಪ್ರಧಾನಿಯಾಗಿದ್ದವರು ಜಮ್ಶೀದ್ ಆಮೂಜ್‌ಗಾರ್. 1979ರ ಕ್ರಾಂತಿಯ ನಂತರ ಧಾರ್ಮಿಕ ಹೆಸರುಗಳ ಅಲೆ ಬಂತು. ಹಳೆಯ ಪಾರ್ಸಿ ಹೆಸರು ಬೇಕೆನ್ನುವ ಈಗಿನವರು ಆರಶ್, ಕೂರೋಶ್ ಕಡೆ ಹೋಗುತ್ತಾರೆ. ಜಮ್ಶೀದ್ ಅಂದರೆ ಈಗ ಅಲ್ಲಿ ಮನೆಯ ಹಿರಿಯರ ಹೆಸರು. ನಮ್ಮ ನಾಗೇಂದ್ರ, ಸತ್ಯನಾರಾಯಣರ ಹಾಗೆ.

ಭಾರತದ ಪಾರ್ಸಿ ಸಮುದಾಯದಲ್ಲಿ ಮಾತ್ರ ಅದಕ್ಕೆ ಮುಪ್ಪು ತಟ್ಟಲಿಲ್ಲ. ಮಾರ್ಚ್ 21ರ ಹಬ್ಬವನ್ನು ಅವರು ಜಮ್ಶೇದಿ ನವರೋಜ್ ಎಂದೇ ಕರೆಯುತ್ತಾರೆ. ಗುಜರಾತಿಯ ‘ಜೀ’ ಸೇರಿ ಜಮ್ಶೇದ್‌ಜೀ, ಇಂಗ್ಲಿಷರ ಕೈಗೆ ಸಿಕ್ಕಿ ಜಮ್ಸೆಟ್ಜಿ. ಮುಂಬಯಿಯ ಜೆ.ಜೆ. ಕಲಾಶಾಲೆಯ ಮೊದಲ ‘ಜೆ’ ಜಮ್ಸೆಟ್ಜಿ ಜೀಜೀಭಾಯಿಯದು. ಸಾಕ್ಚಿ ಎಂಬ ಹಳ್ಳಿ 1919ರಲ್ಲಿ ಜಮ್ಶೆಡ್‌ಪುರವಾದದ್ದು ಜಮ್ಸೆಟ್ಜಿ ಟಾಟಾ ಹೆಸರಿನಿಂದ. ಅಲ್ಲಿಯ ರೈಲು ನಿಲ್ದಾಣಕ್ಕೆ ಟಾಟಾನಗರ ಎಂದು ಹೆಸರು, ಹೀಗಾಗಿ ರೈಲಿಳಿಯುವುದು ಮನೆತನದ ಹೆಸರಿನಲ್ಲಿ, ಊರು ಸೇರುವುದು ಮನುಷ್ಯನ ಹೆಸರಿನಲ್ಲಿ. ಬೆಂಗಳೂರಿನಲ್ಲಿ ಅದೂ ಇಲ್ಲ. ಅವರು ಕನಸು ಕಂಡು, ಮೈಸೂರು ಸಂಸ್ಥಾನ 371 ಎಕರೆ ಕೊಟ್ಟು, 1909ರಲ್ಲಿ ನೆಲೆಗೊಂಡ ವಿಜ್ಞಾನ ಸಂಸ್ಥೆ ಮಲ್ಲೇಶ್ವರದ ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್ಸ್ಟಿಟ್ಯೂಟ್. ಬಸವನಗುಡಿ ಕಡೆ ಅವರು ರೇಷ್ಮೆ ಬೆಳೆಸಿದ ಜಾಗ ಟಾಟಾ ಸಿಲ್ಕ್ ಫಾರ್ಮ್. ಜವರಯ್ಯ, ಜವರೇಗೌಡರೆಂಬ ಹೆಸರುಗಳ ಮಂಡ್ಯ, ಮೈಸೂರು ಸೀಮೆಯಿಂದ ಓದಲು ಬಂದು ಆ ಗೇಟಿನೊಳಗೆ ಹೋಗುವ ಹುಡುಗರು ಎದುರಿಗೆ ನಿಂತ ಪ್ರತಿಮೆಯ ಕೆಳಗೆ ಮೊದಲ ಪದವನ್ನು ಓದದೆ ಎರಡನೆಯದನ್ನೇ ಓದಿಕೊಂಡು ಮುಂದೆ ಹೋಗುತ್ತಾರೆ.